ನಿಮಗಿದು ಗೊತ್ತೇ? ಕಲ್ಲುಮೆಟ್ಟಿಲ ಮೇಲೆ ಹಾಡಿದ ‘ಓಕೆ ಕಂಪ್ಯೂಟರ್’

ಹೆಸರಿನಲ್ಲಿ ಕಂಪ್ಯೂಟರ್ ಇದೆ ನಿಜ. ಆದರೆ ಇಂಗ್ಲೆಂಡಿನ ರೇಡಿಯೊಹೆಡ್ ತಂಡ 1997ರಲ್ಲಿ ಹೊರತಂದ ಈ ಆಲ್ಬಮ್‌ನ ಬಹುಪಾಲು ಧ್ವನಿಮುದ್ರಣ ನಡೆದದ್ದು ಬಾತ್ ಪಟ್ಟಣದ ಸಮೀಪದ ‘ಸೇಂಟ್ ಕ್ಯಾಥರೀನ್ಸ್ ಕೋರ್ಟ್’ ಎಂಬ ಹಳೇ ಬಂಗಲೆಯಲ್ಲಿ. ಆಗ ಅದರ ಒಡತಿ ನಟಿ ಜೇನ್ ಸೀಮೋರ್.

‘ಎಕ್ಸಿಟ್ ಮ್ಯೂಸಿಕ್’ ಹಾಡಿಗೆ ತಂಡದ ಗಾಯಕ ಥಾಮ್ ಯಾರ್ಕ್ ದನಿ ಕೊಟ್ಟದ್ದು ಆ ಮನೆಯ ಕಲ್ಲುಮೆಟ್ಟಿಲ ಮೇಲೆ. ಹೆಡ್‌ಫೋನ್ ಹಾಕಿ ಕೇಳಿ ನೋಡಿ: ಆರಂಭದಲ್ಲಿ ಇರುವುದು ಬರೀ ಗಿಟಾರ್ ಮತ್ತು ದನಿ. ದನಿಯ ಬೆನ್ನಿಗೇ ಕಲ್ಲುಗೋಡೆಯ ಮಾರ್ದನಿ ಬರುತ್ತದೆ. ಯಾವ ಯಂತ್ರದಿಂದಲೂ ಆ ಒಂಟಿತನ ಹುಟ್ಟುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. 1996ರ ‘ರೋಮಿಯೊ + ಜೂಲಿಯೆಟ್’ ಸಿನಿಮಾದ ಕೊನೆಗೆಂದು ಬರೆದ ಹಾಡಿದು.

‘ಲಕ್ಕಿ’ ಹಾಡಿನ ಧ್ವನಿಮುದ್ರಣಕ್ಕೆ ಹಿಡಿದದ್ದು ಐದೇ ಗಂಟೆ! ಬೋಸ್ನಿಯಾ ಯುದ್ಧದಲ್ಲಿ ನಲುಗಿದ ಮಕ್ಕಳ ನೆರವಿಗಾಗಿ 1995ರಲ್ಲಿ ಬಂದ ಬೇರೊಂದು ಆಲ್ಬಮ್‌ಗೆಂದು ಅದು ತಯಾರಾಗಿತ್ತು.

‘ಫಿಟರ್ ಹ್ಯಾಪಿಯರ್’ನಲ್ಲಿ ಕೇಳುವ ದನಿ ಮನುಷ್ಯರದಲ್ಲ. ಅಕ್ಷರವನ್ನು ಓದಿ ಹೇಳುವ ಮ್ಯಾಕಿಂಟಾಷ್ ಕಂಪ್ಯೂಟರಿನದು. ಆ ದನಿಗೆ ‘ಫ್ರೆಡ್’ ಎಂಬ ಹೆಸರೂ ಇತ್ತು.

ಆರು ನಿಮಿಷ ಮೀರುವ ‘ಪ್ಯಾರನಾಯ್ಡ್ ಆಂಡ್ರಾಯ್ಡ್’ ಮೊದಲಿಗೆ ಹದಿನಾಲ್ಕು ನಿಮಿಷಕ್ಕೂ ಉದ್ದವಿತ್ತು. ತಂಡದ ಜಾನಿ ಗ್ರೀನ್‌ವುಡ್ ಅವರ ದೀರ್ಘ ಆರ್ಗನ್ ವಾದನವನ್ನು ಆಮೇಲೆ ಕೈಬಿಡಲಾಯಿತು. ಅಷ್ಟು ಉದ್ದದ, ನಡುನಡುವೆ ನಡೆಯನ್ನೇ ಬದಲಿಸುವ ಹಾಡು ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಡಗ್ಲಸ್ ಆಡಮ್ಸ್ ಅವರ ‘ಹಿಚ್‌ಹೈಕರ್ಸ್ ಗೈಡ್’ ಕಥೆಯಿಂದ ಬಂದ ಹೆಸರದು. ಆಲ್ಬಮ್‌ನ ಹೆಸರಿನ ಮೂಲವೂ ಅಲ್ಲೇ.

ಮುಖಪುಟದ ಚಿತ್ರವನ್ನು ಯಾರ್ಕ್ ಮತ್ತು ಚಿತ್ರಕಲಾವಿದ ಸ್ಟಾನ್ಲಿ ಡಾನ್‌ವುಡ್ ಕಂಪ್ಯೂಟರಿನಲ್ಲೇ ರಚಿಸಿದರು. ಅವರು ಹಾಕಿಕೊಂಡ ಕಟ್ಟುಪಾಡು ಒಂದೇ: ಗೆರೆ ತಪ್ಪಿದರೂ ಅಳಿಸುವಂತಿಲ್ಲ. ಆ ಮಾಸಲು ಬಿಳುಪಿನ ಮೇಲೆ ಕಾಣುವ ಗೀಚುಗಳನ್ನು ಈಗೊಮ್ಮೆ ನೋಡಿ.

ಆಲ್ಬಮ್ ಕೇಳಿದ ಅಮೆರಿಕದ ಕ್ಯಾಪಿಟಲ್ ಕಂಪನಿ ಮಾರಾಟದ ಅಂದಾಜನ್ನು 20 ಲಕ್ಷದಿಂದ 5 ಲಕ್ಷಕ್ಕೆ ಇಳಿಸಿತು. ಹಾಗೆಂದು ಪ್ರಚಾರದಲ್ಲೇನೂ ಹಿಂದೆ ಬೀಳಲಿಲ್ಲ: ಕ್ಯಾಸೆಟ್ಟನ್ನು ಪುಟ್ಟ ಪ್ಲೇಯರಿನೊಳಗೆ ಅಂಟು ಹಾಕಿ ಕೂರಿಸಿ ಪತ್ರಕರ್ತರಿಗೆ ಕಳಿಸಿತು. ಬೇರೆ ಹಾಡು ಹಾಕುವ ದಾರಿಯೇ ಇಲ್ಲ!

ಬ್ರಿಟನ್ನಿನಲ್ಲಿ ಆಲ್ಬಮ್ ನೇರ 1ನೇ ಸ್ಥಾನಕ್ಕೆ ಹೋಯಿತು. ಮರ್ಕ್ಯುರಿ ಪ್ರಶಸ್ತಿ ಮಾತ್ರ ಕೈತಪ್ಪಿ ರೋನಿ ಸೈಜ್ ತಂಡದ ಪಾಲಾಯಿತು. ಮರುವರ್ಷ ಅತ್ಯುತ್ತಮ ಆಲ್ಟರ್ನೇಟಿವ್ ಆಲ್ಬಮ್ ಎಂದು ಗ್ರ್ಯಾಮಿ ಬಂತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2014ರ ಸಾಲಿನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಇದನ್ನು ಸೇರಿಸಿಕೊಂಡಿತು.

2019ರಲ್ಲಿ, ಆಲ್ಬಮ್ ತಯಾರಾದ ದಿನಗಳ ತಾಲೀಮಿನ ಸುಮಾರು 18 ಗಂಟೆಗಳ ಮಿನಿಡಿಸ್ಕ್ ಸಂಗ್ರಹ ಕಳ್ಳರ ಕೈಗೆ ಸಿಕ್ಕಿ ಸೋರಿಕೆಯಾಯಿತು. ತಂಡ ಏನು ಮಾಡಿತು ಗೊತ್ತೇ? ಅಷ್ಟನ್ನೂ ತಾನೇ 18 ಪೌಂಡಿಗೆ ಮಾರಾಟಕ್ಕಿಟ್ಟು, ಬಂದ ಹಣವನ್ನು ಹವಾಮಾನ ಚಳವಳಿ ‘ಎಕ್ಸ್‌ಟಿಂಕ್ಷನ್ ರೆಬೆಲಿಯನ್’ಗೆ ಕೊಟ್ಟಿತು. ಕಲಾವಿದರಿಗೆ ಇಂಥ ದೊಡ್ಡ ಮನಸ್ಸಿರುವುದು ಅಪರೂಪ.

ಸೇಂಟ್ ಕ್ಯಾಥರೀನ್ಸ್ ಕೋರ್ಟ್ ಬಂಗಲೆಯ ನೃತ್ಯಶಾಲೆಯಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ನುಡಿಸಿದ ಹಾಡು ‘ಲೆಟ್ ಡೌನ್’. ಸಿಂಗಲ್ ಆಗಿ ಅದು ಅಂಗಡಿಗೆ ಬರಲೇ ಇಲ್ಲ. ಹಾಗಿದ್ದೂ 28 ವರ್ಷಗಳ ನಂತರ, 2025ರ ಆಗಸ್ಟ್‌ನಲ್ಲಿ, ಟಿಕ್‌ಟಾಕ್‌ನಲ್ಲಿ ಹರಿದಾಡಿ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಮೊದಲ ಬಾರಿ ಕಾಲಿಟ್ಟಿತು.