ಜೇಬಿನ ಪುಸ್ತಕದ ಮೊದಲ ಪುಟ

ಕೃಷಿಕನೊಬ್ಬ ತೀರಿಕೊಂಡಾಗ ಮನೆಯವರು ಮೊದಲು ಹುಡುಕುವುದು ಭೂಮಿಯ ಕಾಗದಪತ್ರಗಳನ್ನು. ಅನಂತರ ಬ್ಯಾಂಕಿನ ಪಾಸ್‌ಪುಸ್ತಕವನ್ನು. ಆತ ದಿನವೂ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ ಕಿರುಪುಸ್ತಕವನ್ನು ಯಾರೂ ಹುಡುಕುವುದಿಲ್ಲ. ಅದು ತಾನಾಗಿ ಸಿಕ್ಕಿದರೂ ಒಲೆಯ ಬಾಯಿಗೆ ಹೋಗುವುದೇ ಹೆಚ್ಚು. ಅಂಥ ಕೆಲವು ಪುಸ್ತಕಗಳು ಒಲೆಯನ್ನು ತಪ್ಪಿಸಿಕೊಂಡು ನಮ್ಮ ಕೈಸೇರಿದ ಕತೆಯನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ಹಿರಿಯ ಕೃಷಿಕರೊಬ್ಬರು ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ದೈವಾಧೀನರಾದರು. ಮಿತಭಾಷಿ, ಭಾನುವಾರದ ಪೂಜೆಗೆ ಬಂದು ಹಿಂದಿನ ಬಾಗಿಲ ಬಳಿ ನಿಂತು, ಮುಗಿದೊಡನೆ ಗದ್ದೆಗೆ ಮರಳುತ್ತಿದ್ದವರು. ತಿಂಗಳ ಬಲಿಪೂಜೆ ಮುಗಿದ ಸಂಜೆ ಅವರ ಇಬ್ಬರು ಗಂಡುಮಕ್ಕಳೂ ಮಗಳೂ ನಮ್ಮಲ್ಲಿಗೆ ಬಂದರು. ಹಿರಿಯವನ ಕೈಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬವೊಂದಿತ್ತು. "ಫಾದರ್, ಪಪ್ಪನಿಗೆ ಯಾವುದೋ ಸಾಲ ಉಳಿದಿದೆ ಎಂದು ಕಾಣುತ್ತದೆ. ತಾವು ಒಮ್ಮೆ ಓದಿ ಹೇಳಬೇಕು" ಎಂದ. ಕೆಳಗಿನ ಬೈಲುಗದ್ದೆಯನ್ನು ಮಾರಲು ಮಾತುಕತೆ ಮುಗಿದಿತ್ತು. ಅದಕ್ಕೆ ಮೊದಲು ಸಾಲವೇನಾದರೂ ಇದ್ದರೆ ತೀರಿಸಿಬಿಡೋಣ ಎಂಬುದು ಅವರ ಪ್ರಾಮಾಣಿಕ ಇಚ್ಛೆಯಾಗಿತ್ತು.

ಡಬ್ಬದಲ್ಲಿ ಇಪ್ಪತ್ತಮೂರು ಪುಸ್ತಕಗಳಿದ್ದವು. ಮೊದಲಿನವು ಕಾಗದ ಮಡಚಿ ದಾರದಿಂದ ಹೊಲಿದವು. ಅನಂತರದವು ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಕಿರು ಡೈರಿಗಳು. ಅತ್ಯಂತ ಹಳೆಯದು 1969ರದ್ದು, ಕೊನೆಯದು 2011ರದ್ದು. ನಡುವಿನ ಎಷ್ಟೋ ವರ್ಷಗಳನ್ನು ಗೆದ್ದಲು ತಿಂದುಹಾಕಿತ್ತು. ಬೆವರಿಗೆ ಮೆತ್ತಗಾಗಿ, ಅಡಿಕೆಯ ಚೊಗರಿನಿಂದ ಕಂದಾಗಿದ್ದ ಹಾಳೆಗಳಲ್ಲಿ ಪೆನ್ಸಿಲಿನ ದಪ್ಪ ಅಕ್ಷರಗಳು. ಲಿಪಿ ಕನ್ನಡ. ಆದರೆ ಮನೆಯ ಮತ್ತು ಇಗರ್ಜಿಯ ಮಾತು ಬಂದಾಗ ಭಾಷೆ ಕೊಂಕಣಿ, ಗದ್ದೆ ಮತ್ತು ಆಳುಕಾಳುಗಳ ಮಾತಿಗೆ ತುಳು, ಸರಕಾರಿ ವ್ಯವಹಾರಕ್ಕೆ ಕನ್ನಡ. ನಮ್ಮ ಕರಾವಳಿಯ ಬಾಳುವೆಯೇ ಅಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಮಾತು ಬದಲಿಸುತ್ತ ನಡೆದಿತ್ತು.

ಮೂರು ರಾತ್ರಿ ಕುಳಿತು ಓದಿದೆವು. ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳೇ ಅವರ ವರ್ಷದ ಮೂರು ಅಧ್ಯಾಯಗಳು. ಬೈಲುಗದ್ದೆಗೆ ಮೂರೂ ಬೆಳೆ, ಮಜಲಿಗೆ ಎರಡು, ಬೆಟ್ಟುಗದ್ದೆಗೆ ಮಳೆಗಾಲದ ಒಂದೇ. "ಮೃಗಶಿರ ಹಿಡಿಯಿತು. ನೇಜಿಗೆ 5 ಕಳಸೆ." "ನಾಟಿಗೆ 14 ಜನ, ಅದರಲ್ಲಿ ಮುಯ್ಯಾಳು 6." "ಅಡಿಕೆಗೆ ಮದ್ದು ಬಿಟ್ಟದ್ದು, ಎರಡನೇ ಸಲ. ಮಧ್ಯಾಹ್ನ ಮಳೆ ಬಂದು ತೊಳೆಯಿತು." ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸಿ, ಮರದ ತುದಿಯವರೆಗೆ ಏರಿ ಸಿಂಪಡಿಸಿದ ಇಡೀ ದಿನದ ದುಡಿಮೆಯು ಅರ್ಧ ಗಂಟೆಯ ಮಳೆಗೆ ಕೊಚ್ಚಿಹೋದಾಗ ಕೊಳೆರೋಗದ ಭಯವನ್ನು ಹೊತ್ತು ಮಲಗುವವನ ಮನಸ್ಸು ಹೇಗಿರುತ್ತದೆ ಎಂಬುದನ್ನು ಬಲ್ಲವರೇ ಬಲ್ಲರು. ಅವರು ಬರೆದದ್ದು ಮಾತ್ರ ಅಷ್ಟೇ: "ತೊಳೆಯಿತು."

ಪತ್ನಿ ಸುತ್ತಿದ ಬೀಡಿಯ ಲೆಕ್ಕ, ಕರು ಹಾಕಿದ ದಸುವಿನ ಹೆಸರು, ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಗರ್ಜಿಗೆ ಒಯ್ದ ತೆನೆ ಯಾವ ಗದ್ದೆಯದೆಂಬ ವಿವರ ಇವೆಲ್ಲ ಅಲ್ಲಿವೆ. 1972ರ ಪುಸ್ತಕದಲ್ಲಿ ತೆಂಗಿನಕಾಯಿಯ ಲೆಕ್ಕದ ಕೆಳಗೆ, "ಮಗು ತೀರಿತು" ಎಂಬ ಎರಡು ಪದಗಳಿವೆ. ಮುಂದಿನ ಬರಹದ ತಾರೀಕು ಹನ್ನೊಂದು ದಿನಗಳ ಬಳಿಕದ್ದು. ಆ ಹನ್ನೊಂದು ದಿನಗಳನ್ನು ಓದುವಾಗ ನಮ್ಮ ಕನ್ನಡಕ ಮಂಜಾಯಿತೆಂದು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ. ತಮಗೊಬ್ಬ ಅಣ್ಣನಿದ್ದನೆಂಬುದು ಆ ಮಕ್ಕಳಿಗೂ ಗೊತ್ತಿರಲಿಲ್ಲ.

ಇವರು ಚಾಲಗೇಣಿಯ ಒಕ್ಕಲು. ಆರಂಭದ ಪುಸ್ತಕಗಳಲ್ಲಿ ಪ್ರತಿವರ್ಷ ಧಣಿಗಳಿಗೆ ಅಳೆದುಕೊಟ್ಟ ಗೇಣಿ ಅಕ್ಕಿಯ ಲೆಕ್ಕವಿದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯು ಗೇಣಿಯ ಭೂಮಿಯನ್ನು ಸರಕಾರದ ವಶಕ್ಕೆ ತಂದು, ಉಳುವವನು ಭೂ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಒಡೆಯನಾಗುವ ದಾರಿಯನ್ನು ತೆರೆಯಿತು. ನಮ್ಮಲ್ಲಿ ಆ ಅರ್ಜಿಗೆ 'ಡಿಕ್ಲರೇಶನ್' ಎಂದೇ ಹೆಸರು. ಒಂದು ಶತಮಾನವನ್ನೇ ಮಗುಚಿಹಾಕಿದ ಆ ಘಟನೆಯ ಬಗ್ಗೆ ಅವರ ಪುಸ್ತಕ ಹೇಳುವುದಿಷ್ಟು: "ಡಿಕ್ಲರೇಶನ್ ಕೊಟ್ಟೆ. ಬಸ್ಸಿಗೆ, ಚಹಕ್ಕೆ 3 ರೂಪಾಯಿ." ಅಲ್ಲಿಂದ ಮುಂದೆ ಗೇಣಿಯ ಸಾಲು ಕಾಣೆಯಾಗುತ್ತದೆ. ಆದರೆ ಹಬ್ಬದ ಮುನ್ನಾದಿನ ಧಣಿಗಳ ಮನೆಗೆ ಒಯ್ದ ಬಾಳೆಗೊನೆಯ ಸಾಲು ಮತ್ತೂ ಹತ್ತಾರು ವರ್ಷ ಮುಂದುವರಿಯುತ್ತದೆ. ಕಾನೂನು ಗೇಣಿಯನ್ನು ನಿಲ್ಲಿಸಿತು. ಬಾಳೆಗೊನೆಯನ್ನು ನಿಲ್ಲಿಸಲು ಯಾರೂ ಅವರಿಗೆ ಹೇಳಿರಲಿಲ್ಲ, ಒಯ್ಯಲೂ ಯಾರೂ ಹೇಳಿರಲಿಲ್ಲ.

ಇನ್ನು ಮಕ್ಕಳನ್ನು ಕಾಡಿದ ಆ ಸಾಲದ ಮಾತು. ಇಪ್ಪತ್ತಮೂರು ಪುಸ್ತಕಗಳಲ್ಲಿಯೂ ಮೊದಲ ಪುಟದ ಮೊದಲ ಸಾಲು ಒಂದೇ: "ಕೆಳಗಿನ ಮನೆಗೆ 2 ಮುಡಿ." ಉಳಿದ ಲೆಕ್ಕಗಳೆಲ್ಲ ತೀರಿದೊಡನೆ ಅಡ್ಡಗೆರೆ ಎಳೆಸಿಕೊಂಡಿವೆ. ಇದೊಂದಕ್ಕೆ ಗೆರೆಯಿಲ್ಲ. ವರ್ಷದಿಂದ ವರ್ಷಕ್ಕೆ, ಹಳೆಯ ಪುಸ್ತಕದಿಂದ ಹೊಸದಕ್ಕೆ ನಕಲಾಗುತ್ತಲೇ ಬಂದಿದೆ. ಮುಡಿಯೆಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಉಂಡೆ. ಮೂರು ಕಳಸೆ, ಕಳಸೆಗೆ 14ರಂತೆ 42 ಸೇರು. ಎರಡು ಮುಡಿಗೆ 84 ಸೇರು. ಅದರ ಇಂದಿನ ಬೆಲೆಯನ್ನು ಹಿರಿಯ ಮಗ ಆಗಲೇ ಲೆಕ್ಕಹಾಕಿ ಲಕೋಟೆಯಲ್ಲಿಟ್ಟು ತಂದಿದ್ದ.

ಕೆಳಗಿನ ಮನೆಯವರು ನಮ್ಮ ಧರ್ಮಕೇಂದ್ರದವರಲ್ಲ; ತಲೆಮಾರುಗಳಿಂದ ನೆರೆಯಲ್ಲಿರುವ ತುಳುವರು. ಎಂಬತ್ತರ ಸಮೀಪದ ಅಜ್ಜಿಯೊಬ್ಬರು ಮಗ ಸೊಸೆಯರೊಂದಿಗೆ ಅಲ್ಲಿದ್ದಾರೆ. ಮಕ್ಕಳೊಡನೆ ನಾವೂ ಗದ್ದೆಯ ಹುಣಿಯ ಮೇಲೆ ನಡೆದು ಹೋದೆವು. ವಿಷಯ ಕೇಳಿ ಅಜ್ಜಿ ನಕ್ಕರು. "ಅದು ಎಂದೋ ಬಂದಾಯಿತಲ್ಲ, ಸ್ವಾಮಿ! ಆ ಸುಗ್ಗಿಯಲ್ಲೇ ಪೊರ್ಬುಗಳು ತಂದು ಚಾವಡಿಯಲ್ಲಿ ಇಳಿಸಿದ್ದರು. ನಾನೇ ಅಳೆದುಕೊಂಡದ್ದು."

ಅವರು ಮದುವೆಯಾಗಿ ಬಂದ ಎರಡನೆಯ ಮಳೆಗಾಲ. ಆಟಿ ತಿಂಗಳಲ್ಲಿ ಹೊಳೆ ನುಗ್ಗಿ ಮೇಲಿನ ಮನೆಯವರ ಏಣೇಲು ಪೈರಿನ ಮೇಲೆ ಮರಳು ಹಾಸಿತು. ಮನೆಯಲ್ಲಿ ಸಣ್ಣ ಮಕ್ಕಳು, ಅಟ್ಟದಲ್ಲಿ ಅಕ್ಕಿಯಿಲ್ಲ. ಅಜ್ಜಿಯ ಗಂಡ ಆ ರಾತ್ರಿ ಯಾರಿಗೂ ಹೇಳದೆ ಎರಡು ಬಾರಿ ಹುಣಿ ಹತ್ತಿ ಇಳಿದರು, ತಲೆಯ ಮೇಲೆ ಒಂದೊಂದು ಮುಡಿ. ಯಾರೂ ಕೇಳಿರಲಿಲ್ಲ. ಕತೆಯನ್ನು ಹೇಳಿ ಮುಗಿಸಿದ ಅಜ್ಜಿ ಲಕೋಟೆಯನ್ನು ಮುಟ್ಟಲಿಲ್ಲ. "ಕೊಟ್ಟದ್ದೂ ಆಯಿತು, ತಂದದ್ದೂ ಆಯಿತು. ಮತ್ತೆ ಪೊರ್ಬುಗಳು ಇರುವ ತನಕ ನಮಗೆ ನೀರಿಗೆ ತೊಂದರೆ ಆಗಲಿಲ್ಲ, ಮಗ" ಎಂದಷ್ಟೇ ಹೇಳಿದರು.

ಆ ಕೊನೆಯ ಮಾತು ಮಕ್ಕಳಿಗೆ ತಾಗಿತು. ಪ್ರತಿವರ್ಷ ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಊರವರು ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತಾರೆ. ಕಟ್ಟದ ನೀರು ಕೆಳಗಿನ ಮನೆಯ ತೋಟಕ್ಕೆ ಹರಿಯುವುದೂ, ಆ ಮನೆಯವರು ರಸ್ತೆಗೆ ನಡೆದು ಬರುವುದೂ ಈಗ ಮಾರಲು ಹೊರಟ ಬೈಲುಗದ್ದೆಯ ಅಂಚಿನಲ್ಲೇ. ಅದಕ್ಕೆ ಕಾಗದವಿಲ್ಲ, ಕರಾರಿಲ್ಲ. ಇದ್ದ ದಾಖಲೆ ಒಂದೇ, ಮೊದಲ ಪುಟದ ಆ ಒಂದು ಸಾಲು. ಕ್ರಯಪತ್ರದ ಕರಡಿನಲ್ಲಿ ತೋಡಿನ ಮಾತೂ ಇರಲಿಲ್ಲ, ದಾರಿಯ ಮಾತೂ ಇರಲಿಲ್ಲ. ಕೊಳ್ಳುವವರು ಸುತ್ತಲೂ ಬೇಲಿ ಹಾಕುವವರಿದ್ದರು.

ಸೆಮಿನರಿಯಲ್ಲಿ ನಾವು ಸಂತ ಅಗಸ್ಟೀನರನ್ನು ಓದಿದ್ದೆವು. ತಮ್ಮ 'ಕನ್ಫೆಷನ್ಸ್' ಗ್ರಂಥದ ಹತ್ತನೆಯ ಭಾಗದಲ್ಲಿ ಅವರು ನೆನಪಿನ ಬಯಲುಗಳನ್ನೂ ವಿಶಾಲ ಸೌಧಗಳನ್ನೂ ಕುರಿತು ಬರೆಯುತ್ತಾರೆ. ಸೌಧಗಳ ಬಗ್ಗೆ ನಾವು ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರಿಸಿದ್ದುಂಟು. ಬಯಲಿನ ಬಗ್ಗೆ ನಮಗೆ ಪಾಠವಾದದ್ದು ಈ ಪುಸ್ತಕಗಳಿಂದ. ಸಾಲ ಬೇರೆ, ಋಣ ಬೇರೆ. ಸಾಲಕ್ಕೆ ಸೇರಿನ ಅಳತೆಯುಂಟು. ಅಳೆದು ತಂದದ್ದನ್ನು ಅಳೆದು ಹಿಂತಿರುಗಿಸಿದರೆ ಅದು ತೀರಿತು. ಕೇಳದೆಯೇ ಬಂದುದಕ್ಕೆ ಅಳತೆಯಿಲ್ಲ, ಆದುದರಿಂದ ತೀರುವಳಿಯೂ ಇಲ್ಲ. ದೇವಋಣ, ಋಷಿಋಣ, ಪಿತೃಋಣಗಳೆಂದು ನಮ್ಮ ನಾಡಿನ ಪರಂಪರೆ ಹೇಳುವಾಗಲೂ ಅವುಗಳನ್ನು ಹಣದಿಂದ ಹರಿಯಬಹುದೆಂದು ಹೇಳಲಿಲ್ಲ. ಅಕ್ಕಿಯನ್ನು ಹಿಂದಕ್ಕೆ ಕೊಟ್ಟ ಮೇಲೂ ಆ ಹಿರಿಯರು ಗೆರೆ ಎಳೆಯದೆ ಉಳಿದದ್ದು ಮರೆವಿನಿಂದಲ್ಲ. ಮರೆಯಬಾರದೆಂದೇ ಅವರು ಪ್ರತಿವರ್ಷ ಅದನ್ನು ಮೊದಲ ಪುಟದಲ್ಲಿ ಬರೆದುಕೊಂಡರು. ತಾವು ಇತರರಿಗೆ ಮಾಡಿದ ಉಪಕಾರದ ಪಟ್ಟಿ ಮಾತ್ರ ಒಂದು ಪುಸ್ತಕದಲ್ಲೂ ನಮಗೆ ಕಾಣಲಿಲ್ಲ.

"ಹಾಗಾದರೆ ಇದನ್ನು ತೀರಿಸುವುದು ಹೇಗೆ, ಫಾದರ್?" ಎಂದು ಹಿಂತಿರುಗುವಾಗ ಕಿರಿಯವನು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಮೂರು ವಾರಗಳ ಬಳಿಕ ಉತ್ತರವನ್ನು ಅವರೇ ತಂದರು. ತೋಡಿಗೂ ಕಾಲುದಾರಿಗೂ ಆರು ಅಡಿ ಬಿಟ್ಟು, ಅದು ಕೆಳಗಿನ ಮನೆಯವರ ಶಾಶ್ವತ ಹಕ್ಕೆಂದು ಬರೆಯಿಸಿ ಕ್ರಯಪತ್ರವನ್ನು ಹೊಸದಾಗಿ ಮಾಡಿಸಿದ್ದರು. ಕೊಳ್ಳುವವರು ಮುನಿಸಿಕೊಂಡು ಬೆಲೆ ಇಳಿಸಿದರು. ಮೂವರ ಪಾಲಿಗೂ ಒಂದಿಷ್ಟು ಕಡಿಮೆಯಾಯಿತು. ಮಗಳು ಹೇಳಿದಳು: "ಕಡಿಮೆಯಾದದ್ದು ಎರಡು ಮುಡಿಗಿಂತ ಹೆಚ್ಚೇ, ಫಾದರ್. ಆದರೂ ಗೆರೆ ಎಳೆಯುವುದಿಲ್ಲ."

ಪ್ರಿಯ ಓದುಗರೇ, ನಿಮ್ಮ ಮನೆಯ ಅಟ್ಟದಲ್ಲಿಯೂ ಅಂಥದೊಂದು ಡಬ್ಬ ಇದ್ದೀತು. ಭಾಗಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನೊಮ್ಮೆ ತೆರೆದು ನೋಡಿ. ನಿಮ್ಮ ತಂದೆತಾಯಿಗಳು ಏನನ್ನು ಗಳಿಸಿದರೆಂಬುದನ್ನು ಭೂಮಿಯ ಕಾಗದಗಳು ಹೇಳುತ್ತವೆ. ಯಾರಿಂದ ಬದುಕಿದರೆಂಬುದು ಬಹುಶಃ ಆ ಪೆನ್ಸಿಲಿನ ಸಾಲುಗಳಲ್ಲಿ ಮಾತ್ರ ಉಳಿದಿದ್ದೀತು.