ಹಿರಿಯರ ಕೈಗೆ ಎಂಥ ಫೋನು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಅಡಿಕೆ ತೋಟಗಳನ್ನು ನೋಡಿಕೊಳ್ಳುತ್ತಿರುವವರಲ್ಲಿ ವಯಸ್ಸಾದವರು ಅನೇಕರು. ಮಕ್ಕಳು ತುಮಕೂರು, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿರುತ್ತಾರೆ. ಹಬ್ಬಕ್ಕೆ ಬರುವಾಗ ಅಪ್ಪ ಅಮ್ಮನಿಗೆ ಒಂದು ಫೋನು ತರುವುದು ಈಗ ವಾಡಿಕೆಯಾಗಿದೆ. ಆದರೆ ಮಗ ಬಳಸಿ ಬಿಟ್ಟ ಟಚ್ ಫೋನು ಗೋಡೆಯ ಗೂಡಿನಲ್ಲಿ ಧೂಳು ಹಿಡಿದು ಕುಳಿತಿರುವುದನ್ನೂ ನಾವು ಕಾಣುತ್ತೇವೆ. ಕಾರಣವಿಷ್ಟೆ: ಕೊಡುವವರ ಅನುಕೂಲ ನೋಡಿ ತಂದ ವಸ್ತು ಬಳಸುವವರ ಕೈಗೆ ಒಗ್ಗುವುದಿಲ್ಲ. ಆದ್ದರಿಂದ ಆಯ್ಕೆಯ ವಿಷಯದಲ್ಲಿ ಕೆಲವು ಮಾತುಗಳನ್ನು ಸದಸ್ಯ ಬಾಂಧವರ ಗಮನಕ್ಕೆ ತರಬಯಸುತ್ತೇವೆ.

ಮೊದಲು ಕೆಲಸ, ಆಮೇಲೆ ಫೋನು

ಹಿರಿಯರಿಗೆ ಫೋನಿನಿಂದ ಆಗಬೇಕಾದ ಕೆಲಸವೇನೆಂದು ಅವರನ್ನೇ ಕೇಳಬೇಕು. ಮಕ್ಕಳೊಡನೆ ಮಾತು, ಅಡಿಕೆ ಧಾರಣೆ ವಿಚಾರಣೆ, ಬ್ಯಾಂಕಿನ ಸಂದೇಶ, ಪಂಪ್‌ಸೆಟ್ಟಿನ ಚಾಲನೆ ಇಷ್ಟೇ ಆದರೆ ಬಟನ್ ಫೋನೇ ಧಾರಾಳವಾಗಿ ಸಾಕು. ಮೊಮ್ಮಕ್ಕಳ ಮುಖ ನೋಡಬೇಕೆಂಬ ಆಸೆಯಿದ್ದರೆ ಮಾತ್ರ ಟಚ್ ಫೋನಿನ ಯೋಚನೆ ಮಾಡಬಹುದು. ಆಗಲೂ ಪರದೆಯ ಮೇಲೆ ಬೇಕಾದ ಮೂರು ನಾಲ್ಕು ಗುರುತುಗಳನ್ನಷ್ಟೇ ಉಳಿಸಿ, ಅಕ್ಷರಗಳನ್ನು ದೊಡ್ಡದು ಮಾಡಿ ಕೊಡತಕ್ಕದ್ದು.

ಬಟನ್ ಫೋನನ್ನು ಕೊಳ್ಳುವಾಗ ಹಿರಿಯರನ್ನೇ ಅಂಗಡಿಗೆ ಕರೆದೊಯ್ಯುವುದು ಲೇಸು. ಗುದ್ದಲಿ ಹಿಡಿದು ಒರಟಾದ ಬೆರಳಿಗೆ ಗುಂಡಿಗಳು ಬಿಡಿಬಿಡಿಯಾಗಿ ಸಿಗಬೇಕು. ಗಂಟೆಯ ಸದ್ದು ಜೋರಾಗಿರಬೇಕು. ಬ್ಯಾಟರಿ ದೀಪವೂ ರೇಡಿಯೋವೂ ಇದ್ದರೆ ಉತ್ತಮ. ಕನ್ನಡದಲ್ಲಿ, ಪಾವಗಡದ ಕಡೆ ತೆಲುಗು ಮನೆಮಾತಿನವರಾದರೆ ತೆಲುಗಿನಲ್ಲಿ, ಕರೆ ಮಾಡಿದವರ ಹೆಸರನ್ನು ಕೂಗಿ ಹೇಳುವ ಫೋನು ಓದು ಬಾರದವರಿಗೆ ಬಹಳ ಉಪಕಾರಿ.

ಸಿಮ್ಮಿಗೆ ತಕ್ಕ ಸೆಟ್ಟು

ಅಗ್ಗವೆಂದು ಕೊಂಡು ಅನೇಕರು ಎಡವುವುದು ಇಲ್ಲಿ. ಜಿಯೋ ಜಾಲದಲ್ಲಿ 2ಜಿ ಇಲ್ಲ. ಹಳೆಯ 2ಜಿ ಬಟನ್ ಫೋನಿಗೆ ಆ ಸಿಮ್ ಹಾಕಿದರೆ ಕೆಲಸ ಮಾಡದು. 4ಜಿ ಬಟನ್ ಫೋನೇ ಬೇಕು. 2023ರ ಜುಲೈಯಲ್ಲಿ 999 ರೂಪಾಯಿಗೆ ಬಿಡುಗಡೆಯಾದ ಜಿಯೋ ಭಾರತ್ ಅಂಥದೊಂದು. ಆದರೆ ಅದರಲ್ಲಿ ಬೇರೆ ಕಂಪನಿಯ ಸಿಮ್ ನಡೆಯುವುದಿಲ್ಲ. ಬೆಟ್ಟದ ಮರೆಯ ಊರುಗಳಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂಬುದನ್ನು ಮನೆಯೊಳಗೂ ತೋಟದಲ್ಲೂ ಪರೀಕ್ಷಿಸಿ, ಸಿಮ್ ನಿಶ್ಚಯವಾದ ಮೇಲೆಯೇ ಸೆಟ್ಟು ಕೊಳ್ಳತಕ್ಕದ್ದು. ಮಲೆನಾಡಿನ ಕಾಫಿ ಬೆಳೆಗಾರರಿಗೂ ಈ ಮಾತು ಸಲ್ಲುತ್ತದೆ.

ಕರೆನ್ಸಿಯ ಖರ್ಚನ್ನೂ ಲೆಕ್ಕ ಹಾಕಬೇಕು. ಇಂಟರ್ನೆಟ್ ಬೇಡದವರಿಗೆ ಮಾತು ಮತ್ತು ಸಂದೇಶ ಮಾತ್ರವಿರುವ ಯೋಜನೆ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ಆದೇಶಿಸಿದೆ. ಅಂಗಡಿಯಲ್ಲಿ ಅದನ್ನೇ ಕೇಳಿ ಹಾಕಿಸಬಹುದು.

ನಂಬರು ಯಾರದು?

ಇದು ಎಲ್ಲಕ್ಕಿಂತ ಮುಖ್ಯ. ಪಿಎಂ ಕಿಸಾನ್ ಕಂತು, ವೃದ್ಧಾಪ್ಯ ವೇತನ, ಗೃಹಲಕ್ಷ್ಮಿಯ ಹಣ, ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕಿಗೆ ಕೊಟ್ಟ ಜಮೀನಿನ ಗುತ್ತಿಗೆ ಎಲ್ಲವೂ ಈಗ ಬ್ಯಾಂಕಿಗೇ ಬರುತ್ತವೆ. ಖಾತೆಗೂ ಆಧಾರಿಗೂ ಬೆಂಗಳೂರಿನ ಮಗನ ನಂಬರು ಕೊಟ್ಟಿದ್ದರೆ ತಾಯಿಯ ಹಣದ ಸುದ್ದಿ ತಾಯಿಗೇ ಕಡೆಯಲ್ಲಿ ತಿಳಿಯುತ್ತದೆ. ಗ್ರಾಮ ಒನ್ ಕೇಂದ್ರಕ್ಕೆ ಹೋದರೆ ಓಟಿಪಿಗಾಗಿ ಮಗನ ಕರೆ ಕಾಯುತ್ತ ಕೂರಬೇಕಾಗುತ್ತದೆ. ಈ ಸಂದೇಶಗಳಿಗೆ ದುಬಾರಿ ಫೋನು ಬೇಕಿಲ್ಲ, ಬಟನ್ ಫೋನಿಗೂ ಬರುತ್ತವೆ. ಆದ್ದರಿಂದ ಹಿರಿಯರ ಹೆಸರಿನ ಸಿಮ್ ಹಿರಿಯರ ಫೋನಿನಲ್ಲೇ ಇರಲಿ, ಆ ನಂಬರೇ ಖಾತೆಗೆ ಸೇರಲಿ. ಕರೆನ್ಸಿ ಹಾಕಿಸದೆ ಬಹುಕಾಲ ಬಿಟ್ಟ ನಂಬರು ರದ್ದಾಗಿ, ಕೆಲವು ತಿಂಗಳ ನಂತರ ಬೇರೆಯವರ ಪಾಲಾಗಬಹುದೆಂಬುದನ್ನು ಮರೆಯಬಾರದು.

ಬ್ಯಾಂಕಿನವರೆಂದೋ ಪೊಲೀಸರೆಂದೋ ಹೇಳಿ ಯಾರು ಕೇಳಿದರೂ ಓಟಿಪಿ ಹೇಳಕೂಡದೆಂದು ಮನದಟ್ಟು ಮಾಡಿಸಬೇಕು. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡತಕ್ಕದ್ದು.

ಪಂಪ್‌ಸೆಟ್ಟಿನ ಸ್ಟಾರ್ಟರ್

ಕೊಳವೆಬಾವಿ ನಂಬಿದ ನಮ್ಮ ತೋಟಗಳಲ್ಲಿ ಕರೆಂಟು ಬಂದ ಹೊತ್ತಿಗೆ ಹೋಗಿ ಮೋಟಾರು ಹಾಕಬೇಕು. ರಾತ್ರಿಯಾದರೆ ಹಾವಿನ ಭಯ, ಗುಡ್ಡದ ಅಂಚಿನಲ್ಲಿ ಕರಡಿ ಚಿರತೆಯ ಭಯ. ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರಿದ್ದರೆ ಮನೆಯಿಂದಲೇ ಬಟನ್ ಫೋನಿನಲ್ಲಿ ಕರೆ ಮಾಡಿ ಮೋಟಾರು ಹಾಕಬಹುದು, ನಿಲ್ಲಿಸಬಹುದು. ಕೊಳ್ಳುವಾಗ ಮೂರು ಅಂಶ ಕೇಳಿ: ಅದು ಯಾವ ಕಂಪನಿಯ ಸಿಮ್ ಹಿಡಿಯುತ್ತದೆ, ನೀರಿಲ್ಲದಾಗ ಮೋಟಾರನ್ನು ತಾನೇ ನಿಲ್ಲಿಸುತ್ತದೆಯೇ, ನಾವು ಕೊಟ್ಟ ನಂಬರುಗಳಿಗೆ ಮಾತ್ರ ಓಗೊಡುತ್ತದೆಯೇ. ರಿಪೇರಿಗೆ ಕೈಹಾಕುವ ಮುನ್ನ ಮೇನ್ ಸ್ವಿಚ್ ತೆಗೆದೇ ತೀರಬೇಕು. ದೂರದ ಒಂದು ಕರೆಗೆ ಮೋಟಾರು ಓಡಬಲ್ಲದು.

ಕೊಟ್ಟ ಮೇಲೆ

ಬಿಲ್ಲು ಪಡೆದು ಜೋಪಾನವಾಗಿಡಿ. ಹಳೆಯ ಸೆಟ್ಟಾದರೆ *#06# ಒತ್ತಿದಾಗ ಬರುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು, ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳ ಮುಂದೆ ಜಾಗ ಬಿಟ್ಟು ಬರೆದು 14422ಕ್ಕೆ ಸಂದೇಶ ಕಳಿಸಿದರೆ ಸೆಟ್ಟಿನ ಸಾಚಾತನ ತಿಳಿಯುತ್ತದೆ. ಮಕ್ಕಳ ನಂಬರುಗಳನ್ನು 2, 3, 4ರ ಗುಂಡಿಗಳಿಗೆ ಜೋಡಿಸಿ, ಒತ್ತಿಹಿಡಿದರೆ ಕರೆ ಹೋಗುವಂತೆ ಮಾಡಿಕೊಡಿ. 5 ಅಥವಾ 9ರ ಗುಂಡಿ ಆಪತ್ತಿನ ಕರೆಗೆ ಮೀಸಲಾಗಿರುವುದುಂಟು. ಆಪತ್ತಿನ ನಂಬರು 112.

ಕೊನೆಯದಾಗಿ, ಕಲಿಸುವವರಿಗೆ ತಾಳ್ಮೆ ಬೇಕು. ಒಂದು ದಿನಕ್ಕೆ ಒಂದೇ ಪಾಠ ಸಾಕು. ಫೋನನ್ನು ಕಸಿದುಕೊಂಡು ತಾವೇ ಒತ್ತಿ ತೋರಿಸದೆ, ಅವರ ಬೆರಳಿನಿಂದಲೇ ಒತ್ತಿಸಬೇಕು. ಅಡಿಕೆ ಸಿಪ್ಪೆ ಸುಲಿಯುವುದನ್ನು ನಮಗೆ ಅವರು ಕಲಿಸಿದ್ದೂ ಹಾಗೆಯೇ ಅಲ್ಲವೇ?