ಮಚ್ಚಿನ ಹದ

ಕಾವೇರಿಯು ತಲಕಾಡಿನ ಮರಳುದಿಣ್ಣೆಗಳ ನೆರೆಯಲ್ಲಿ ಬಾಗಿ ತಿರುಗುವೆಡೆ, ಸೋಮಗಿರಿಯ ಮೇಲೆ ಮಲ್ಲಿಕಾರ್ಜುನಸ್ವಾಮಿಯು ನೆಲಸಿರುವ ಮುಡುಕುತೊರೆಯು, ಯಾತ್ರಿಕರಿಗೆ ಪಂಚಲಿಂಗ ಸ್ಥಳಗಳಲ್ಲೊಂದಾಗಿಯೂ ರೈತರಿಗೆ ದನಗಳ ಜಾತ್ರೆಯ ಊರಾಗಿಯೂ ಪರಿಚಿತವಾದದ್ದು. ಜಾತ್ರೆಗೆ ಬಂದವರು ಜೋಡೆತ್ತುಗಳ ಕೊಂಬನ್ನೂ ಸುಳಿಯನ್ನೂ ನಡಿಗೆಯನ್ನೂ ಪರೀಕ್ಷಿಸಿ, ಬೆಲೆಯನ್ನು ಕೇಳಿ ಬೆರಗಾಗುವುದುಂಟು; ಆ ಎತ್ತಿನೊಡೆಯನ ಗಾಡಿಯಲ್ಲಿ ಹುಲ್ಲುಹೊರೆಯ ಮಗ್ಗುಲಿಗೆ ಬಿದ್ದಿರುವ ಮಚ್ಚಿನ ಕಡೆಗೆ ಕಣ್ಣು ಹಾಯಿಸುವವರು ವಿರಳ. ಮಾಧವಮಂತ್ರಿ ಅಣೆಕಟ್ಟಿನ ನಾಲೆಯ ನೀರುಂಡು ಬತ್ತ, ಕಬ್ಬು, ತೆಂಗುಗಳನ್ನು ಬೆಳೆಯುವ ಈ ಸೀಮೆಯಲ್ಲಿ ಕಬ್ಬಿನ ಬುಡವನ್ನು ಕಡಿಯುವುದಕ್ಕೆ, ಎಳನೀರನ್ನು ಕೆತ್ತುವುದಕ್ಕೆ, ಬಾಳೆಗೊನೆಯನ್ನು ಇಳಿಸುವುದಕ್ಕೆ, ಬೇಲಿಗೆ ಜಾಲಿಮುಳ್ಳನ್ನು ಸವರುವುದಕ್ಕೆ, ಮದುವೆಯ ಚಪ್ಪರಕ್ಕೆ ತೆಂಗಿನ ಗರಿ ತರುವುದಕ್ಕೆ ಮಚ್ಚೇ ಬೇಕು. ಇಂಥ ಉಪಕಾರಿಗೆ ಚಲನಚಿತ್ರಗಳೂ ವೃತ್ತಪತ್ರಿಕೆಗಳೂ ಸೇರಿ ಬಲು ಕೆಟ್ಟ ಹೆಸರನ್ನು ತಂದಿಟ್ಟಿವೆ. 1959ರ ಆಯುಧ ಕಾಯಿದೆಯಾದರೋ ಹೆಚ್ಚು ವಿವೇಕಶಾಲಿಯಾಗಿದ್ದು, ಕೇವಲ ಗೃಹಕೃತ್ಯಕ್ಕೂ ಬೇಸಾಯಕ್ಕೂ ರಚಿತವಾದ ವಸ್ತುಗಳನ್ನು ಆಯುಧವೆಂಬ ವ್ಯಾಖ್ಯೆಯಿಂದಲೇ ಹೊರಗಿರಿಸಿದೆ.

ಒಳ್ಳೆಯ ಮಚ್ಚಿನ ಅಲಗು ಮೊಳಕ್ಕಿಂತ ತುಸು ಕಿರಿದಾಗಿ, ಬೆನ್ನು ದಪ್ಪವಾಗಿ, ತುದಿಯ ಕಡೆ ಅಗಲವೂ ತೂಕವೂ ಹೆಚ್ಚಾಗಿರಬೇಕು. ಬೀಸಿದಾಗ ಪೆಟ್ಟಿನ ಭಾರವೆಲ್ಲ ಮುಂದಕ್ಕೆ ಹರಿದು, ಕೈಗೆ ಆಯಾಸವು ಕಡಮೆಯಾಗುವುದು ಈ ರಚನೆಯಿಂದಲೇ. ಆಕಾರವನ್ನು ಕಣ್ಣಿಂದ ನೋಡಿ ಅಳೆಯಬಹುದು. ಆದರೆ ಮಚ್ಚಿನ ಯೋಗ್ಯತೆಯನ್ನು ನಿರ್ಧರಿಸುವ ಹದವೆಂಬುದು ಕಣ್ಣಿಗೆ ಕಾಣತಕ್ಕದ್ದಲ್ಲ; ಅದು ಲೋಹದ ಒಳಗಿನ ಗುಣ. ಸಂತೆಯಲ್ಲಿ ಥಳಥಳಿಸುವ ಮಚ್ಚೊಂದು ಮೊದಲ ಜಾಲಿಕೊಂಬೆಗೇ ಬಾಯಿ ಮಡಿಸಿಕೊಂಡು, ಕರಿಹಿಡಿದ ಹಳೆಯ ಮಚ್ಚು ಹತ್ತು ವರ್ಷ ಬಾಳುವುದರ ರಹಸ್ಯವಿರುವುದು ಅಲ್ಲಿಯೇ.

ಹಿಂದೆ ಇಂಥ ಹದವನ್ನು ಹಿಡಿಯಬಲ್ಲ ಉಕ್ಕು ನಮ್ಮ ನೆಲದಲ್ಲಿಯೇ ಆಗುತ್ತಿತ್ತು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನು ಕಬ್ಬಿಣವನ್ನು ಕರಗಿಸುವವರನ್ನೂ ಉಕ್ಕು ಮಾಡುವವರನ್ನೂ ಕಂಡು, ಅವರ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡುಗಳನ್ನು ತಂಗಡಿಯ ಕಟ್ಟಿಗೆ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಯನ್ನು ಮೆತ್ತಿ, ತಿದಿಯ ಗಾಳಿಯಿಂದ ಉರಿಸಿದರೆ, ಕಟ್ಟಿಗೆಯ ಇಂಗಾಲವು ಕಬ್ಬಿಣದೊಳಕ್ಕೆ ಇಳಿದು, ನೂರಕ್ಕೆ ಒಂದು ಭಾಗಕ್ಕೂ ಮೀರಿದ ಇಂಗಾಲವುಳ್ಳ ಉಕ್ಕು ದೊರೆಯುತ್ತಿತ್ತು. ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯಂಥ ವಿಜ್ಞಾನಿಯೂ ಭಾರತದ ಈ ಉಕ್ಕಿನ ಪರೀಕ್ಷೆಗೆ ಕೈಹಾಕಿದನೆಂದ ಮೇಲೆ ಅದರ ಕೀರ್ತಿಯನ್ನು ಬೇರೆ ಹೇಳಬೇಕಾಗಿಲ್ಲ. ವಿದೇಶದ ಅಗ್ಗದ ಕಬ್ಬಿಣ ಬಂದಿತು, ಮೂಸೆಗಳು ಆರಿದುವು, 1923ರಲ್ಲಿ ಭದ್ರಾವತಿಯ ಕಾರ್ಖಾನೆಯು ಕಬ್ಬಿಣವನ್ನು ಇಳಿಸುವ ಹೊತ್ತಿಗೆ, ಹಳ್ಳಿಯ ಆಚಾರಿಯು ಲೋಹವನ್ನು ಕೊಂಡು ತರುವವನಾಗಿಬಿಟ್ಟಿದ್ದನು.

ಇಂದು ಅವನಿಗೆ ಉಕ್ಕನ್ನು ಒದಗಿಸುತ್ತಿರುವುದು ಲಾರಿಯ ಕಮಾನುಪಟ್ಟಿ. ಲಕ್ಷಾಂತರ ಗುಂಡಿಗಳ ಮೇಲೆ ಕುಪ್ಪಳಿಸಿ, ತುಂಡಾಗಿ, ಗುಜರಿಗೆ ಬಂದು ಬಿದ್ದ ಆ ಪಟ್ಟಿಯಲ್ಲಿ ನೂರಕ್ಕೆ ಅರ್ಧ ಭಾಗದಷ್ಟೋ ಅದಕ್ಕಿಂತ ಒಂದಿಷ್ಟು ಹೆಚ್ಚೋ ಇಂಗಾಲವಿದ್ದು, ಕಾಯಿಸಿ ಅದ್ದಿದರೆ ಗಡುಸಾಗತಕ್ಕ ಗುಣವು ಪೂರ್ಣವಾಗಿ ಉಳಿದಿರುತ್ತದೆ. ಮನೆ ಕಟ್ಟುವ ಕಂಬಿಯಲ್ಲಿ ಇಂಗಾಲವು ಸಾಮಾನ್ಯವಾಗಿ ನೂರಕ್ಕೆ 0.3 ಭಾಗವನ್ನು ಮೀರದು; ಅದರಿಂದ ಮಾಡಿದ ಮಚ್ಚಿಗೆ ಎಷ್ಟು ನೀರು ಕುಡಿಸಿದರೂ ಬಾಯಿ ನಿಲ್ಲುವುದಿಲ್ಲ.

ಕುಲುಮೆಯೆಂದರೆ ಬಿಸಿಲು ಹೊಗದ ಮಾಡು, ಇದ್ದಲಿನ ಗುಂಡಿ, ಹಿಂದೆ ತೊಗಲಿನ ತಿದಿ ಇದ್ದೆಡೆ ಈಗ ಗಾಳಿಚಕ್ರ, ನಡುವೆ ಅಡೆಗಲ್ಲು. ಈ ಮಬ್ಬು ಬಡತನದ ಲಕ್ಷಣವೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ಕಸುಬಿನ ಅವಶ್ಯಕತೆ, ಏಕೆಂದರೆ ಕಾದ ಲೋಹದ ಬಣ್ಣವನ್ನು ಬಿಸಿಲಿನಲ್ಲಿ ಓದಲಾಗದು. ಗಿರಾಕಿಯು ಬಾಗಿಲಲ್ಲಿ ನಿಂತು "ಆಚಾರ್ರೇ, ಒಂದು ಮಚ್ಚು ಬೇಕು" ಎಂದರೆ, ಅವರು ತಲೆಯೆತ್ತದೆಯೇ "ಕಬ್ಬಿಗೋ, ಸೌದೆಗೋ, ಗೌಡ್ರೇ?" ಎಂದು ಕೇಳುವರು. ಕಬ್ಬಿಗೆ ತೆಳುವಾದ ಹಗುರ ಅಲಗು, ಸೌದೆಗೆ ದಪ್ಪ ಬೆನ್ನು. ಉತ್ತರವು ದೊರೆತಲ್ಲದೆ ಪಟ್ಟಿಯು ಕೆಂಡಕ್ಕೆ ಇಳಿಯುವುದಿಲ್ಲ.

ಪಟ್ಟಿಯು ಕಿತ್ತಳೆಯ ಬಣ್ಣಕ್ಕೆ ಬಂದೊಡನೆ ಇಕ್ಕುಳದಿಂದ ಹೊರಗೆಳೆದು, ಆಚಾರಿಯು ಕಿರಿಯ ಸುತ್ತಿಗೆಯಿಂದ ಪೆಟ್ಟಿನ ಸ್ಥಾನವನ್ನು ತೋರಿಸುತ್ತ ಹೋದಂತೆ, ಎದುರಿಗೆ ನಿಂತವನು ಸಮ್ಮಟಿಗೆಯನ್ನು ಅಲ್ಲಿಯೇ ಇಳಿಸುತ್ತಾನೆ. ಮಾತಿಗೆ ಅಲ್ಲಿ ಅವಕಾಶವೇ ಇಲ್ಲ. ನೋಡುವವರಿಗೆ ತಿಳಿಯದ ಸೂಕ್ಷ್ಮವೊಂದು ಇಲ್ಲಿದೆ. ಬಾಯಿಯ ಅಂಚನ್ನು ತೆಳ್ಳಗೆ ತಟ್ಟುತ್ತ ಬಂದಂತೆ ಆ ಪಕ್ಕದ ಲೋಹವು ಉದ್ದಕ್ಕೆ ಹಿಗ್ಗುವುದರಿಂದ, ಅಲಗು ತಾನಾಗಿ ಬೆನ್ನಿನ ಕಡೆಗೆ ಬಾಗುತ್ತದೆ. ಇದನ್ನು ಬಲ್ಲ ಆಚಾರಿಯು ಮೊದಲೇ ಪಟ್ಟಿಯನ್ನು ಬಾಯಿಯ ಕಡೆಗೆ ಬಾಗಿಸಿಟ್ಟು, ತಟ್ಟಿ ಮುಗಿಸುವ ವೇಳೆಗೆ ತನಗೆ ಬೇಕಾದ ಆಕಾರವು ಒದಗುವಂತೆ ನೋಡಿಕೊಳ್ಳುತ್ತಾನೆ. ಅತಿಯಾಗಿ ಕಾಯಿಸಿ ಕಿಡಿ ಸಿಡಿಯಿತೋ, ಲೋಹವೇ ಉರಿದುಹೋಗಿ ಆ ತುಂಡು ಕೆಟ್ಟಿತೆಂದೇ ತಿಳಿಯಬೇಕು.

ಇನ್ನು ನೀರು ಕುಡಿಸುವ ಕಾರ್ಯ. ಅಲಗನ್ನು ಸಮನಾದ ಕೆಂಪಿಗೆ, ಸುಮಾರು 800 ಡಿಗ್ರಿಗೂ ತುಸು ಮೇಲಕ್ಕೆ, ಕಾಯಿಸಬೇಕು. ಉಕ್ಕು ಆ ಬಿಸಿಗೆ ಬರುವ ಮುನ್ನ, 770 ಡಿಗ್ರಿಯ ಸುಮಾರಿಗೆ, ಅಯಸ್ಕಾಂತಕ್ಕೆ ಅಂಟುವ ಗುಣವನ್ನೇ ಕಳೆದುಕೊಳ್ಳುವುದೆಂಬುದು ಭೌತಶಾಸ್ತ್ರದ ಮಾತು. ನಮ್ಮ ಆಚಾರಿಗೆ ಕಣ್ಣೇ ಸಾಕು. ಆಗ ಬಾಯಿಯ ಅಂಚನ್ನು ಮಾತ್ರ ನೀರಿಗೋ ಎಣ್ಣೆಗೋ ಅದ್ದಿ, ಬೆನ್ನನ್ನು ಬಿಸಿಯಾಗಿಯೇ ಉಳಿಸುತ್ತಾನೆ. ಹಠಾತ್ತನೆ ತಣಿದ ಅಂಚಿನಲ್ಲಿ ಇಂಗಾಲವು ಹೊರಬರಲು ಅವಕಾಶವಿಲ್ಲದೆ ಸಿಕ್ಕಿಕೊಂಡು, ಅದು ಗಾಜಿನಂತೆ ಗಡುಸೂ ಗಾಜಿನಂತೆಯೇ ಪೆಡಸೂ ಆಗುತ್ತದೆ; ಹಾಗೆಯೇ ಬಿಟ್ಟರೆ ಗಂಟುಮರಕ್ಕೆ ಬಿದ್ದ ಮೊದಲ ಏಟಿಗೇ ಚಕ್ಕೆಯೇಳುವುದು. ಆದುದರಿಂದ ಕೂಡಲೇ ಮೇಲೆತ್ತಿ, ಅಂಚನ್ನು ಕಲ್ಲಿನಿಂದ ಉಜ್ಜಿ ಬೆಳಗಿಸಿ, ಬೆನ್ನಿನಲ್ಲಿ ಉಳಿದ ಬಿಸಿಯು ಮೆಲ್ಲನೆ ಬಾಯಿಗೆ ಹರಿಯುವುದನ್ನು ಕಾಯುತ್ತಾನೆ. ಬೆಳಗಿದ ಲೋಹದ ಮೇಲೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕಡೆಗೆ ನೀಲಿ, ಹೀಗೆ ಬಣ್ಣಗಳು ಒಂದರ ಹಿಂದೊಂದು ಓಡುತ್ತವೆ. ಹಳದಿಯು 220 ಡಿಗ್ರಿಯ ಆಸುಪಾಸಿನದು, ಕ್ಷೌರದ ಕತ್ತಿಗೆ ಒಪ್ಪುವ ಹದ. ನೀಲಿಯು 300ಕ್ಕೆ ಹತ್ತಿರದ್ದು. ಏಟನ್ನು ತಾಳಬೇಕಾದ ಮಚ್ಚಿಗೆ ನೇರಳೆಯು ನೀಲಿಗೆ ತಿರುಗುವ ಸಂಧಿಯೇ ಪ್ರಶಸ್ತ. ಆ ಬಣ್ಣವು ಅಂಚಿಗೆ ಮುಟ್ಟಿದ ಕ್ಷಣವೇ ಅಲಗನ್ನೆಲ್ಲ ಮುಳುಗಿಸಿ ತಣಿಸಬೇಕು. ರೆಪ್ಪೆ ಬಡಿಯುವಷ್ಟು ತಡವಾದರೂ ಹದ ತಪ್ಪಿತು. ದಿನವಿಡೀ ಮಾಡಿದ ದುಡಿಮೆಯೆಲ್ಲ ಈ ಕೆಲವು ಕ್ಷಣಗಳ ವಶದಲ್ಲಿರುವುದರಿಂದ, ನನ್ನ ಮಟ್ಟಿಗೆ ಹೇಳುವುದಾದರೆ, ಮಚ್ಚಿನ ಬೆಲೆಯಲ್ಲಿ ಅರ್ಧವು ಆ ಕಣ್ಣಿಗೇ ಸಲ್ಲತಕ್ಕದ್ದು. ಹಿಡಿಯನ್ನು ಹಾಕಿ ಅಣಸನ್ನು ಬಿಗಿಯುವುದು ಉಳಿದ ಸಣ್ಣ ಕೆಲಸ.

ಪೂರ್ವದಲ್ಲಿ ಊರಿನ ಆಯಗಾರರಲ್ಲೊಬ್ಬನಾಗಿದ್ದ ಕಮ್ಮಾರನಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ವರ್ಷವಿಡೀ ಕುಳವನ್ನೂ ಕುಡುಗೋಲನ್ನೂ ತಟ್ಟಿಕೊಡುವುದು ಅವನ ಹೊಣೆಯಾಗಿತ್ತು. ಉಳುವ ಯಂತ್ರವು ಬಂದು ಮರದ ನೇಗಿಲು ಅಟ್ಟವೇರಿದ ಮೇಲೆ ಕುಳದ ಕೆಲಸ ಕುಗ್ಗಿತು, ಆಯವೂ ನಿಂತಿತು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೇಂದ್ರದ ವಿಶ್ವಕರ್ಮ ಯೋಜನೆಯು ಕಮ್ಮಾರರನ್ನೂ ಒಳಗೊಂಡು, ಸಲಕರಣೆಗೆ 15,000 ರೂಪಾಯಿಯ ನೆರವನ್ನು ಗೊತ್ತುಮಾಡಿರುವುದು ಸ್ವಾಗತಾರ್ಹವೇ; ಆದರೆ ಕುಲುಮೆಯು ಉರಿಯಬೇಕಾದರೆ ಗಿರಾಕಿಯು ಬರಬೇಕಲ್ಲವೆ?

ಮಚ್ಚು ಕೊಳ್ಳುವ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ. ಹೊಳಪಿಗೆ ಮರುಳಾಗದೆ, ಯಾವ ಉಕ್ಕೆಂದು ಕೇಳಿ. ಅಂಚಿನ ಮೇಲೆ ಅರವನ್ನು ಮೆಲ್ಲನೆ ಎಳೆದು ನೋಡಿ, ಬೆಣ್ಣೆಗೆ ಇಳಿದಂತೆ ಇಳಿದರೆ ಬಿಟ್ಟುಬಿಡಿ. ಕೊಂಡ ಮಚ್ಚನ್ನು ಯಂತ್ರದ ಸಾಣೆಗೆ ಒತ್ತಿಹಿಡಿದು ಬಾಯಿ ಕಪ್ಪುನೀಲಿಯಾಗುವಂತೆ ಮಾಡಬೇಡಿ. ಆ ಬಿಸಿಗೆ ಆಚಾರಿ ಕೊಟ್ಟ ಹದ ಹೊರಟುಹೋಗುತ್ತದೆ. ನೀರು ಹನಿಸಿದ ಕಲ್ಲಿನ ಮೇಲೆ ಮಸೆಯಿರಿ. ತೀರ ಮೊಂಡಾದಾಗ ಕುಲುಮೆಗೆ ಒಯ್ದು ತಟ್ಟಿಸಿ, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.